ಗಾಜಿನ ಮೈಗೆ ಬೆಳಕಿನ ಉಳಿ: ಡೆಲ್ಫ್ಟ್‌ನ ಮಸೂರದಿಂದ ಲೇಸರಿನವರೆಗೆ

ಮಗಳ ಮನೆಗೆಂದು ಮೈಸೂರಿನಿಂದ ರಾಟರ್‌ಡ್ಯಾಮ್‌ಗೆ ಬಂದಿದ್ದ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಅವರ ಪರಿಧಮನಿಯ ಒಳಗೋಡೆಯನ್ನು ಬೆಳಕಿನ ನೆರವಿನಿಂದ ಪರೀಕ್ಷಿಸಬೇಕೆಂದು ವೈದ್ಯರು ತಿಳಿಸಿದರು. ಅದನ್ನು ಕನ್ನಡದಲ್ಲಿ ವಿವರಿಸಿ ಹೇಳಬೇಕೆಂದು ಮಗಳು ನನ್ನನ್ನು ಕೇಳಿಕೊಂಡರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ಹಿರಿಯರು ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕಿದರು: "ಡಾಕ್ಟ್ರೇ, ಗಾಜಿನ ಎಳೆಯನ್ನು ಹೃದಯದ ನಾಳದೊಳಕ್ಕೆ ಬಿಡ್ತಾರೆ ಅಂತೀರಲ್ಲ, ಅದು ಒಡೆದುಹೋದರೆ ಏನು ಗತಿ?"

ಧೈರ್ಯ ಹೇಳುವುದಕ್ಕೆ ಎರಡು ಮಾತು ಸಾಕಾಯಿತು. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರ ಸಿಗಬೇಕಾದರೆ ಗಾಜಿನ ಮೇಲ್ಮೈಯ ವಿಚಾರವನ್ನು ತಿಳಿಯಬೇಕು. ಕೂದಲಿನಷ್ಟು ತೆಳ್ಳಗಿನ ಗಾಜಿನ ತುದಿಯನ್ನು ಮಸೂರವಾಗಿಸುವ ಬಗೆಯನ್ನೂ ತಿಳಿಯಬೇಕು. ಈ ವಿದ್ಯೆಯ ಮೊದಲ ಅಧ್ಯಾಯದ ಒಂದು ಭಾಗ ನಾನಿರುವ ಊರಿನಲ್ಲಿಯೇ ನಡೆಯಿತೆಂಬುದು ಕುತೂಹಲದ ಸಂಗತಿ.

ರಕ್ತನಾಳದೊಳಗಿನ ದೀಪ

ರಕ್ತನಾಳದ ಒಳಗಿನಿಂದಲೇ ಹೃದಯವನ್ನು ನೋಡುವ ಪ್ರಯತ್ನದಲ್ಲಿ ರಾಟರ್‌ಡ್ಯಾಮ್‌ಗೆ ವಿಶೇಷ ಸ್ಥಾನವಿದೆ. ಇಲ್ಲಿನ ಥೊರಾಕ್ಸ್‌ಸೆಂಟರ್‌ನಲ್ಲಿ ನಿಕೊಲಾಸ್ ಬಾಮ್ ಮತ್ತು ಸಂಗಡಿಗರು ಕ್ಯಾಥಿಟರಿನ ತುದಿಯಲ್ಲಿ ಶ್ರವಣಾತೀತ ಧ್ವನಿಯ ಸಾಧನವನ್ನಿರಿಸಿ ಹೃದಯದ ಒಳಗನ್ನು ಚಿತ್ರಿಸುವ ಕ್ರಮವನ್ನು 1972ರಲ್ಲಿ ಪ್ರಕಟಿಸಿದರು. ಧ್ವನಿಯ ಜಾಗಕ್ಕೆ ಬೆಳಕನ್ನು ತಂದ ಓಸಿಟಿ ಎಂಬ ವಿಧಾನವು 1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡು, ಮೊದಲು ಕಣ್ಣಿಗೂ ಅನಂತರ ಪರಿಧಮನಿಗೂ ಅನ್ವಯವಾಯಿತು. ಧ್ವನಿಚಿತ್ರದಲ್ಲಿ ಬಿಡಿಸಿ ಕಾಣುವ ಅತ್ಯಂತ ಸಣ್ಣ ಅಂತರ ಸುಮಾರು 100 ಮೈಕ್ರೊಮೀಟರ್; ಬೆಳಕಿನ ಚಿತ್ರದಲ್ಲಿ ಅದು 10ರಿಂದ 15 ಮೈಕ್ರೊಮೀಟರ್. ಕೊಬ್ಬಿನ ಗಡ್ಡೆಯನ್ನು ಮುಚ್ಚಿರುವ ಪೊರೆ 65 ಮೈಕ್ರೊಮೀಟರಿಗಿಂತ ತೆಳ್ಳಗಿದ್ದರೆ ಅದು ಹರಿದು ಹೃದಯಾಘಾತವಾಗುವ ಅಪಾಯ ಹೆಚ್ಚೆಂದು ವೈದ್ಯರು ಭಾವಿಸುತ್ತಾರೆ. ಇಷ್ಟು ತೆಳುವಾದ ಪೊರೆಯನ್ನು ಅಳೆಯಲು ಬೆಳಕೇ ಬೇಕು.

ಈ ಪರೀಕ್ಷೆಯ ಕ್ಯಾಥಿಟರ್ ಸುಮಾರು ಒಂದು ಮಿಲಿಮೀಟರಿನಷ್ಟು ದಪ್ಪ. ಅದರೊಳಗೆ 125 ಮೈಕ್ರೊಮೀಟರ್ ವ್ಯಾಸದ ಗಾಜಿನ ಎಳೆಯೊಂದಿದೆ. ಎಳೆಯ ತುದಿಯಲ್ಲಿ ಪುಟ್ಟ ಮಸೂರ. ಬೆಳಕನ್ನು ಪಕ್ಕಕ್ಕೆ ತಿರುಗಿಸಲು ಓರೆಯಾದ ಒಂದು ಮುಖ. ಎಳೆಯು ತಿರುಗುತ್ತ ಹಿಂದೆ ಸರಿಯುತ್ತ ನಾಳದ ಗೋಡೆಯನ್ನು ಸುರುಳಿಯಾಗಿ ಓದುತ್ತ ಬರುತ್ತದೆ. ರಾಟರ್‌ಡ್ಯಾಮ್‌ನ ಎರಾಸ್ಮಸ್ ವೈದ್ಯಕೀಯ ಕೇಂದ್ರದ ಸಂಶೋಧಕರು ಜರ್ಮನ್ ಸಹಯೋಗಿಗಳೊಡನೆ 2015ರಲ್ಲಿ ಸೆಕೆಂಡಿಗೆ ಸುಮಾರು 4000 ಚಿತ್ರ ತೆಗೆಯುವ ಕ್ಯಾಥಿಟರನ್ನು ವರದಿ ಮಾಡಿದರು. ಹೃದಯ ಬಡಿಯುವಾಗ ಚಿತ್ರ ಕದಲಬಾರದೆಂದು, ಎರಡು ಬಡಿತಗಳ ನಡುವಿನ ಅಲ್ಪಾವಧಿಯಲ್ಲೇ ಓದಿ ಮುಗಿಸುವುದು ಅದರ ಉದ್ದೇಶ.

ಗಾಜಿನ ಬಲ ಮೈಯಲ್ಲಿದೆ

ಗಾಜು ಸುಲಭವಾಗಿ ಒಡೆಯುತ್ತದೆ ಎಂಬುದು ನಮ್ಮ ದಿನನಿತ್ಯದ ಅನುಭವ. ಆದರೆ ಗಾಜಿನೊಳಗೆ ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧಗಳು ಬಹಳ ಗಟ್ಟಿ. ಹಾಗಾದರೆ ಅದು ಒಡೆಯುವುದೇಕೆ? 1920ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ಇದಕ್ಕೆ ಉತ್ತರ ಕೊಟ್ಟನು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಎಳೆದಾಗ ಅಥವಾ ಬಗ್ಗಿಸಿದಾಗ ಬಲವೆಲ್ಲ ಆ ಬಿರುಕಿನ ತುದಿಯಲ್ಲಿ ಸೇರಿಕೊಂಡು ಬಿರುಕು ಮುಂದೆ ಓಡುತ್ತದೆ. ಆಗತಾನೆ ಎಳೆದ ತೆಳ್ಳನೆಯ ಗಾಜಿನ ದಾರ ದಪ್ಪ ಸರಳಿಗಿಂತ ಎಷ್ಟೋ ಪಾಲು ಹೆಚ್ಚು ಬಲವನ್ನು ತಡೆಯಿತೆಂದು ಅವನು ಅಳೆದು ತೋರಿಸಿದನು. ಗಾಜು ಕತ್ತರಿಸುವ ಕುಶಲಿಗಳು ಈ ಗುಟ್ಟನ್ನು ಎಂದೋ ಬಲ್ಲರು: ವಜ್ರದ ಮೊನೆಯಿಂದ ಒಂದು ಗೀರು ಎಳೆದು ತುಸು ಬಗ್ಗಿಸಿದರೆ ಹಲಗೆಯು ಗೀರಿನ ಗುಂಟ ಬೇರೆಯಾಗುತ್ತದೆ.

ಆದುದರಿಂದಲೇ ಆಪ್ಟಿಕಲ್ ಫೈಬರನ್ನು ಕುಲುಮೆಯಿಂದ ಎಳೆಯುತ್ತಿರುವಾಗಲೇ, ಧೂಳು ತಾಗುವ ಮೊದಲೇ, ಅದಕ್ಕೆ ಪ್ಲಾಸ್ಟಿಕ್ಕಿನ ಲೇಪ ಕೊಡುತ್ತಾರೆ. ತುದಿಯನ್ನು ಮಸೂರವಾಗಿಸುವಾಗ ಮಾತ್ರ ಆ ಲೇಪವನ್ನು ತೆಗೆಯಬೇಕಾಗುತ್ತದೆ. ಅಲ್ಲಿ ಉಜ್ಜಿ ಹೊಳಪು ಕೊಟ್ಟರೆ ಗೀರು ಉಳಿಯುವ ಭಯ. ಗೀರು ಉಳಿದರೆ ಬೆಳಕು ಚದುರುತ್ತದೆ, ಗಾಜೂ ದುರ್ಬಲವಾಗುತ್ತದೆ. ಹೀಗೆ ನೋಟದ ಸ್ಪಷ್ಟತೆ, ವಸ್ತುವಿನ ಗಟ್ಟಿತನ ಎರಡೂ ಮೇಲ್ಮೈಯ ನುಣುಪನ್ನೇ ಅವಲಂಬಿಸಿವೆ.

ರಾಟರ್‌ಡ್ಯಾಮ್‌ನ ಹುಡುಗ, ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ

ಉಜ್ಜದೆಯೇ ಮಸೂರ ಮಾಡುವ ದಾರಿ ಹದಿನೇಳನೆಯ ಶತಮಾನದಲ್ಲಿಯೇ ತಿಳಿದಿತ್ತು. ಗಾಜಿನ ಸಣ್ಣ ದಾರದ ತುದಿಯನ್ನು ದೀಪದ ಜ್ವಾಲೆಗೆ ಹಿಡಿದರೆ ಅದು ಕರಗಿ ತಾನಾಗಿಯೇ ಗುಂಡಾಗುತ್ತದೆ. ನಮ್ಮ ಅಕ್ಕಸಾಲಿಗರು ಊದುಗೊಳವೆಯಿಂದ ಊದಿ ಚಿನ್ನದ ಚೂರನ್ನು ಇದ್ದಲಿನ ಮೇಲೆ ಕರಗಿಸಿದಾಗ ಅದು ಮಣಿಯಾಗುವುದನ್ನು ನೋಡಿದವರಿಗೆ ಇದು ಹೊಸತಲ್ಲ. ದ್ರವದ ಮೇಲ್ಮೈಯು ಬಿಗಿದ ಪೊರೆಯಂತೆ ತನ್ನ ವಿಸ್ತಾರವನ್ನು ಕುಗ್ಗಿಸಿಕೊಳ್ಳಲು ಯತ್ನಿಸುತ್ತದೆ; ಇದನ್ನು ಮೇಲ್ಮೈ ಎಳೆತವೆನ್ನುತ್ತೇವೆ. ಒಂದೆರಡು ಮಿಲಿಮೀಟರಿಗಿಂತ ಚಿಕ್ಕ ಹನಿಯಲ್ಲಿ ಈ ಎಳೆತದ ಮುಂದೆ ಭೂಮಿಯ ಸೆಳೆತ ಸೋಲುತ್ತದೆ. ಆದಕಾರಣ ಹನಿ ಗೋಳವಾಗುತ್ತದೆ, ಅದರ ಮೈಯಲ್ಲಿ ಗೀರೇ ಇರುವುದಿಲ್ಲ.

ರಾಬರ್ಟ್ ಹುಕ್ 1665ರ ತನ್ನ 'ಮೈಕ್ರೊಗ್ರಾಫಿಯ' ಗ್ರಂಥದ ಮುನ್ನುಡಿಯಲ್ಲಿ ಈ ಕ್ರಮವನ್ನು ಬರೆದಿಟ್ಟಿದ್ದನು. ಗೌಡಾ ಪಟ್ಟಣದಲ್ಲಿ 1656ರಲ್ಲಿ ಹುಟ್ಟಿ, ಪಾದ್ರಿಯಾಗಿದ್ದ ತಂದೆಯೊಡನೆ ರಾಟರ್‌ಡ್ಯಾಮ್‌ಗೆ ಬಂದು ನೆಲೆಸಿದ ನಿಕೊಲಾಸ್ ಹಾರ್ಟ್ಸೂಕರ್ 1670ರ ದಶಕದಲ್ಲಿ ಇದೇ ರೀತಿಯಲ್ಲಿ ಮಣಿಮಸೂರಗಳನ್ನು ಮಾಡಿ, 1678ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್‌ಗೆ ಆ ಕಲೆಯನ್ನು ತಿಳಿಸಿದನು. ಮಣಿ ಚಿಕ್ಕದಾದಷ್ಟೂ ವರ್ಧನ ಹೆಚ್ಚು: 1.3 ಮಿಲಿಮೀಟರ್ ವ್ಯಾಸದ ಮಣಿಯ ನಾಭಿದೂರ ಸುಮಾರು ಒಂದು ಮಿಲಿಮೀಟರ್, ವರ್ಧನ ಸುಮಾರು 250 ಪಟ್ಟು.

ರಾಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಕಾಲು ಗಂಟೆಯ ದೂರದಲ್ಲಿರುವ ಡೆಲ್ಫ್ಟ್‌ನಲ್ಲಿ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವೆನ್‌ಹುಕ್ (1632–1723) ಸೂಕ್ಷ್ಮಜೀವಿಗಳನ್ನು ಕಂಡನು. ಮಸೂರ ಮಾಡುವ ಗುಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಲೋಹದ ಎರಡು ತಗಡುಗಳ ನಡುವೆ ಬಿಗಿದಿರುವ ಆ ಮಸೂರಗಳನ್ನು ಬಿಚ್ಚಿ ನೋಡುವುದು ಸಾಧ್ಯವಿರಲಿಲ್ಲ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ರಿಯಾಕ್ಟರಿನಿಂದ ಬಂದ ನ್ಯೂಟ್ರಾನ್‌ಗಳನ್ನು ಹಾಯಿಸಿ ತಗಡಿನೊಳಗಿನ ಗಾಜಿನ ಆಕಾರವನ್ನು ಕಂಡುಕೊಂಡ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅವನ ಒಂದು ಮಸೂರ ಉಜ್ಜಿ ಮಾಡಿದ್ದು. ಅತಿಹೆಚ್ಚು ವರ್ಧಿಸುವ, ಉಟ್ರೆಕ್ಟ್‌ನಲ್ಲಿರುವ ಇನ್ನೊಂದು, ಕರಗಿಸಿ ಮಾಡಿದ ಮಣಿ. ಸುಮಾರು ಮುನ್ನೂರೈವತ್ತು ವರ್ಷ ಉಳಿದುಬಂದ ಗುಟ್ಟು ಹುಕ್ಕನ ಮುನ್ನುಡಿಯಲ್ಲೇ ಇತ್ತು.

ಜ್ವಾಲೆಯ ಸ್ಥಾನದಲ್ಲಿ ಲೇಸರ್

ಜ್ವಾಲೆಯ ತೊಂದರೆಯೆಂದರೆ ಅದು ಎಲ್ಲವನ್ನೂ ಒಟ್ಟಿಗೆ ಕಾಯಿಸುತ್ತದೆ. ಕೂದಲೆಳೆಯ ತುದಿಯನ್ನಷ್ಟೇ, ಬೇಕಾದಷ್ಟು ಹೊತ್ತು ಮಾತ್ರ, ಕಾಯಿಸಲು ಬೇರೊಂದು ಸಾಧನ ಬೇಕಿತ್ತು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದ ಇಂಗಾಲದ ಡೈಆಕ್ಸೈಡ್ ಲೇಸರ್ ಈ ಕೊರತೆಯನ್ನು ತುಂಬಿತು. ಅದರ ಅಲೆಯುದ್ದ 10.6 ಮೈಕ್ರೊಮೀಟರ್. ನಮ್ಮ ಕಣ್ಣಿಗೆ ಪಾರದರ್ಶಕವಾದ ಗಾಜು ಈ ಅಲೆಗೆ ಕಲ್ಲಿದ್ದಲಿನಂತೆ ಅಪಾರದರ್ಶಕ. ಬೆಳಕಿನ ಶಕ್ತಿಯೆಲ್ಲ ಮೇಲಿನ ಹಲವು ಮೈಕ್ರೊಮೀಟರಿನಷ್ಟು ಪದರದಲ್ಲಿಯೇ ಶಾಖವಾಗುತ್ತದೆ.

ಗಾಜು ಮಂಜುಗಡ್ಡೆಯಂತೆ ಒಂದು ನಿಗದಿತ ಉಷ್ಣತೆಯಲ್ಲಿ ಥಟ್ಟನೆ ಕರಗುವುದಿಲ್ಲ. ಬೆಲ್ಲದ ಪಾಕವನ್ನು ನೆನೆಯಿರಿ: ಬಿಸಿಯಿದ್ದಾಗ ಹರಿಯುತ್ತದೆ, ಆರುತ್ತ ಎಳೆ ಬರುತ್ತದೆ, ಇನ್ನೂ ಆರಿದರೆ ಗಟ್ಟಿಯಾಗುತ್ತದೆ. ಗಾಜಿನದೂ ಇದೇ ನಡೆ; ಆದರೆ ಶುದ್ಧ ಸಿಲಿಕಾ ಗಾಜು ಮೆತ್ತಗಾಗಲು ಸುಮಾರು 1600 ಡಿಗ್ರಿ ಸೆಲ್ಸಿಯಸ್ ಬೇಕು. ಲೇಸರ್ ತಾಗಿದ ಪದರ ಪಾಕದಂತಾದಾಗ ಮೇಲ್ಮೈ ಎಳೆತವು ಕೆಲಸಕ್ಕೆ ತೊಡಗುತ್ತದೆ. ಸಣ್ಣ ಗೀರುಗಳು ಮೊದಲು ಮಾಯವಾಗುತ್ತವೆ, ದೊಡ್ಡ ಏರುಪೇರುಗಳಿಗೆ ಹೆಚ್ಚು ಹೊತ್ತು ಬೇಕು. ಆದ್ದರಿಂದ ಸ್ವಲ್ಪ ಕಾಲ ಕಾಯಿಸಿದರೆ ಆಕಾರ ಕೆಡದೆ ಹೊಳಪಷ್ಟೇ ಬರುತ್ತದೆ. ಹೆಚ್ಚು ಕಾಲ ಕಾಯಿಸಿದರೆ ಎಳೆಯ ತುದಿ ಗುಂಡಾಗಿ ಮಸೂರವಾಗುತ್ತದೆ. ಫೈಬರಿನ ತುದಿಯನ್ನು ಕತ್ತರಿಸಲು, ನುಣುಪುಗೊಳಿಸಲು, ಮಸೂರವಾಗಿಸಲು ಈ ಕ್ರಮ ಇಂದು ಬಳಕೆಯಲ್ಲಿದೆ. ಹಾರ್ಟ್ಸೂಕರನ ದೀಪ ಮಾಡುತ್ತಿದ್ದ ಕೆಲಸವೇ ಇದು. ಹೊಸದಾಗಿ ಬಂದಿರುವುದು ಹಿಡಿತ.

ಬೇಗನೆ ಆರಿದ ಗಾಜಿನ ನೆನಪು

ಚಪ್ಪಟೆಯಾದ ಗಾಜಿನ ಮೇಲೆ ಲೇಸರಿನ ಒಂದೇ ಮಿಡಿತವನ್ನು ಬಿಟ್ಟರೆ, ಏನನ್ನೂ ಕೆತ್ತದಿದ್ದರೂ, ಅಲ್ಲಿ ಚಿಕ್ಕ ದಿಬ್ಬವೊಂದು ಏಳಬಹುದು. ಕರಗಿದ ಗಾಜಿನ ಪರಮಾಣುಗಳು ನಿಧಾನವಾಗಿ ಆರಿದರೆ ಒತ್ತಾಗಿ ಹೊಂದಿಕೊಳ್ಳುತ್ತವೆ; ಥಟ್ಟನೆ ಆರಿದರೆ ಆ ಅವಕಾಶ ಸಿಗದೆ, ಬಿಸಿಯಲ್ಲಿದ್ದ ಸಡಿಲ ಜೋಡಣೆಯೇ ಹೆಪ್ಪುಗಟ್ಟುತ್ತದೆ. ಕಿಟಕಿಯ ಸಾಮಾನ್ಯ ಗಾಜಿನಲ್ಲಿ ಹೀಗೆ ಆರಿದ ಭಾಗ ಹೆಚ್ಚು ಜಾಗ ಕೇಳುತ್ತದೆ, ಆದ್ದರಿಂದ ಮೇಲುಬ್ಬುತ್ತದೆ. ಶುದ್ಧ ಸಿಲಿಕಾ ಇದಕ್ಕೆ ಅಪವಾದ: ಬೇಗ ಆರಿದಾಗ ಅದು ಒತ್ತಾಗುತ್ತದೆ, ಕುಗ್ಗುತ್ತದೆ. ಗಾಜು ಹೊತ್ತಿರುವ ಈ ನೆನಪನ್ನು ಓದಲು ಒಂದು ಸಾಧನ ರಾಮನ್ ರೋಹಿತ. 1928ರಲ್ಲಿ ಕಲ್ಕತ್ತೆಯಲ್ಲಿ ಆ ಪರಿಣಾಮವನ್ನು ಕಂಡು, 1933ರಿಂದ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ನರ ಹೆಸರಿನದು.

ಈ ದಿಬ್ಬಗಳು ಒಂದು ಕಾಲಕ್ಕೆ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಉಪಕಾರಿಯಾದವು. ಡಿಸ್ಕಿನ ಮೈ ಅತಿಯಾಗಿ ನುಣುಪಾದಾಗ ಓದುವ ತಲೆಯು ಅದಕ್ಕೆ ಅಂಟಿಕೊಳ್ಳುತ್ತಿತ್ತು. 1990ರ ದಶಕದಲ್ಲಿ ತಲೆ ಇಳಿದು ನಿಲ್ಲುವ ವಲಯದಲ್ಲಿ ಲೇಸರಿನಿಂದ ನ್ಯಾನೊಮೀಟರ್ ಅಳತೆಯ ದಿಬ್ಬಗಳನ್ನು ಎಬ್ಬಿಸಿ ಆ ಅಂಟನ್ನು ತಪ್ಪಿಸಿದರು.

ಇದರಲ್ಲೊಂದು ಎಚ್ಚರಿಕೆಯೂ ಇದೆ. ಥಟ್ಟನೆ ಆರಿದ ಜಾಗದಲ್ಲಿ ಬಿಗಿತ ಉಳಿಯುತ್ತದೆ. ಅದು ಮಿತಿಮೀರಿದರೆ ಗಾಜು ಸೀಳುತ್ತದೆ. ಕಾದಾಗ ಸಿಲಿಕಾ ಹಿಗ್ಗುವುದು ಕಿಟಕಿಯ ಗಾಜಿನ ಸುಮಾರು ಹದಿನಾರನೆಯ ಒಂದು ಪಾಲು ಮಾತ್ರ. ಫೈಬರುಗಳು ಈ ಶಾಖೋಪಚಾರವನ್ನು ತಾಳಿಕೊಳ್ಳಲು ಇದೇ ಮುಖ್ಯ ಕಾರಣ.

ಕರಗಿಸದೆ ಕೆತ್ತುವುದು

ಇನ್ನೊಂದು ಮಾರ್ಗದಲ್ಲಿ ಬೆಳಕಿನ ಮಿಡಿತವೇ ಬಹಳ ಕಿರಿದು. ಒಂದು ಫೆಮ್ಟೊಸೆಕೆಂಡಿನಲ್ಲಿ ಬೆಳಕು ಸಾಗುವುದು 0.3 ಮೈಕ್ರೊಮೀಟರ್ ಮಾತ್ರ. ಇಂತಹ ಕಿರುಮಿಡಿತಗಳನ್ನು ಪ್ರಬಲಗೊಳಿಸುವ ವಿಧಾನವನ್ನು ಡೊನ್ನಾ ಸ್ಟ್ರಿಕ್‌ಲೆಂಡ್ ಮತ್ತು ಜೆರಾರ್ ಮೂರು 1985ರಲ್ಲಿ ರೂಪಿಸಿ 2018ರಲ್ಲಿ ನೊಬೆಲ್ ಪಡೆದರು. ಸಮೀಪದ ಅವಕೆಂಪು ಬೆಳಕಿನ ಒಂದು ಫೋಟಾನಿಗೆ ಗಾಜಿನ ಎಲೆಕ್ಟ್ರಾನನ್ನು ಕದಲಿಸುವಷ್ಟು ಶಕ್ತಿಯಿಲ್ಲ. ಏಳೆಂಟು ಫೋಟಾನುಗಳು ಒಮ್ಮೆಗೇ ಸೇರಿದರೆ ಸಾಧ್ಯ. ಅಷ್ಟು ಸಾಂದ್ರತೆ ಇರುವುದು ನಾಭಿಬಿಂದುವಿನಲ್ಲಿ ಮಾತ್ರ. ಹಾಗಾಗಿ ಗಾಜಿನ ಮೇಲ್ಮೈಯನ್ನು ಮುಟ್ಟದೆ ಒಳಗೂ ಬರೆಯಬಹುದು. ಕಾರ್ನಿಯಾದ ಪದರವನ್ನು ಬಿಡಿಸಲು ನೇತ್ರತಜ್ಞರು ಬಳಸುವುದೂ ಇದೇ ತತ್ತ್ವವನ್ನು.

ಹೀಗೆ ಬರೆದ ಗೆರೆಗಳನ್ನು ಹೈಡ್ರೊಫ್ಲೋರಿಕ್ ಆಮ್ಲ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿದರೆ, ಬೆಳಕು ತಾಗಿದ ಭಾಗ ಉಳಿದ ಭಾಗಕ್ಕಿಂತ ಬಹುಪಾಲು ವೇಗವಾಗಿ ಕರಗುತ್ತದೆ; ಗಾಜಿನಲ್ಲಿ ಕಾಲುವೆ, ಹಳ್ಳ, ಕುಣಿಕೆಗಳು ಮೂಡುತ್ತವೆ. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇವ್ ಬೆಲುವಾರ್ ಈ ಕ್ಷೇತ್ರದಲ್ಲಿ ಮಹತ್ತ್ವದ ಕೆಲಸ ಮಾಡಿದರು. ಆಮ್ಲ ಬಿಟ್ಟುಹೋದ ಒರಟನ್ನು ಕೊನೆಗೆ ಶಾಖದಿಂದ ನುಣುಪು ಮಾಡಬಹುದು. ಅಲ್ಲಿಗೆ ಮತ್ತೆ ಮೇಲ್ಮೈ ಎಳೆತದ ಬಳಿಗೇ ಬಂದೆವು.

ಒಳ್ಳೆಯ ಮಸೂರ, ಒಳ್ಳೆಯ ನೋಟ

ಮಸೂರ ಎಷ್ಟು ಚೆನ್ನಾಗಿದ್ದರೂ ನೋಡುವವನ ವಿವೇಕಕ್ಕೆ ಅದು ಬದಲಿಯಲ್ಲ. ಹಾರ್ಟ್ಸೂಕರ್ 1694ರಲ್ಲಿ ವೀರ್ಯಾಣುವಿನ ತಲೆಯೊಳಗೆ ಮುದುಡಿ ಕುಳಿತ ಪುಟ್ಟ ಮನುಷ್ಯನ ಚಿತ್ರವನ್ನು ಅಚ್ಚು ಹಾಕಿಸಿದನು. ತಾನು ಅದನ್ನು ಕಂಡೆನೆಂದು ಅವನು ಹೇಳಲಿಲ್ಲ, ಇನ್ನೂ ಚೆನ್ನಾಗಿ ನೋಡಬಲ್ಲೆವಾದರೆ ಹಾಗೆ ಕಾಣಬಹುದೆಂದಷ್ಟೇ ಊಹಿಸಿದನು. ಜನ ಮಾತ್ರ ಊಹೆಯನ್ನು ಮರೆತು ಚಿತ್ರವನ್ನು ನೆನಪಿಟ್ಟರು. ಪರಿಧಮನಿಯ ಚಿತ್ರದಲ್ಲಿಯೂ ಉಳಿದ ರಕ್ತದ ಮಬ್ಬು, ತಂತಿಯ ನೆರಳು ರೋಗದಂತೆ ತೋರುವುದುಂಟು. ನಾಳ ಕವಲೊಡೆಯುವಲ್ಲಿ ಸ್ಟೆಂಟ್ ಹಾಕುವಾಗ ಓಸಿಟಿಯ ಮಾರ್ಗದರ್ಶನವಿದ್ದರೆ ಮುಂದಿನ ತೊಂದರೆಗಳು ಕಡಿಮೆಯೆಂದು 2023ರ ಅಕ್ಟೋಬರ್ ಎಂಬ ಹೆಸರಿನ ಅಧ್ಯಯನ ತೋರಿಸಿತು. ಅದೇ ವರ್ಷದ ಇಲ್ಯೂಮಿಯನ್ 4 ಅಧ್ಯಯನದಲ್ಲಿ ಸ್ಟೆಂಟ್ ಹೆಚ್ಚು ಅಗಲವಾಗಿ ಬಿಚ್ಚಿಕೊಂಡರೂ ಮುಖ್ಯ ಫಲಿತಾಂಶದಲ್ಲಿ ನಿಶ್ಚಿತ ವ್ಯತ್ಯಾಸ ಕಾಣಲಿಲ್ಲ. ಯಾರಿಗೆ, ಯಾವಾಗ ಎಂಬ ಪ್ರಶ್ನೆ ಯಂತ್ರದ್ದಲ್ಲ, ವೈದ್ಯನದು.

ಹಿರಿಯರಿಗೆ ನಾನು ಅಂದು ಹೇಳಿದ್ದು ಇಷ್ಟೇ: "ಆ ಗಾಜಿನ ಎಳೆ ನಿಮ್ಮ ನಾಳವನ್ನು ಮುಟ್ಟುವುದಿಲ್ಲ. ಅದು ಪ್ಲಾಸ್ಟಿಕ್ಕಿನ ಕೊಳವೆಯೊಳಗೇ ತಿರುಗುತ್ತದೆ. ಅಲ್ಲದೆ, ಗಾಜು ಒಡೆಯುವುದು ಅದರ ಮೈಮೇಲೆ ಗೀರು ಇದ್ದರೆ. ಈ ಎಳೆಯ ಮೈಯನ್ನು ಗೀರು ಬೀಳದಂತೆ ಕಾಪಾಡಿರುತ್ತಾರೆ." ಅವರು ತುಸು ಯೋಚಿಸಿ, "ಹಾಗಾದರೆ ಸರಿ, ಮನುಷ್ಯರ ಹಾಗೇ ಅನ್ನಿ" ಎಂದು ನಕ್ಕರು. ಪರೀಕ್ಷೆ ಯಾವ ತೊಡಕೂ ಇಲ್ಲದೆ ಮುಗಿಯಿತು.