ಸೊಪ್ಪಿನ ಬೆಟ್ಟದ ನೀರಿನ ಲೆಕ್ಕ

ಪುಷ್ಯ ಮಳೆಯ ಕೊನೆಯ ದಿನಗಳು. ಮೂರು ದಿನ ಬಿಡದೆ ಸುರಿದು ಈ ಬೆಳಿಗ್ಗೆ ಸ್ವಲ್ಪ ಹೊಳವಾಗಿದೆ. ಶಿರಸಿ ಸೀಮೆಯ ಅಡಿಕೆ ತೋಟವೊಂದರ ಮೇಲಿನ ಸೊಪ್ಪಿನ ಬೆಟ್ಟಕ್ಕೆ ಹತ್ತಿದ್ದೇನೆ. ಕಾಲಿಗೆ ಉಂಬಳ, ಕೈಯಲ್ಲೊಂದು ಕೋಲು.

ಮತ್ತಿ ಮರದ ಬುಡದಲ್ಲಿ ಕುಳಿತು ದರಕು, ಅಂದರೆ ಉದುರಿದ ಎಲೆಗಳ ಹಾಸು, ಬಿಡಿಸಿದೆ. ಮೇಲಿನ ಎಲೆಗಳ ನರ ಇನ್ನೂ ಗಟ್ಟಿ. ಅದರಡಿ ಎಲೆ ಜಾಳುಜಾಳಾಗಿದೆ. ಇನ್ನೂ ಕೆಳಗೆ ಎಲೆ ಯಾವುದು, ಮಣ್ಣು ಯಾವುದು ಎಂದು ತಿಳಿಯದ ಕಪ್ಪು ಪುಡಿ; ಅದರ ತುಂಬ ಅಣಬೆಯ ಬಿಳಿ ಎಳೆಗಳು, ಸುರುಳಿ ಸುತ್ತಿಕೊಂಡ ಒಂದು ಸಹಸ್ರಪದಿ. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಿತು. ಇಷ್ಟು ಮಳೆ ಬಿದ್ದರೂ ನೆಲದ ಮೇಲೆ ನೀರು ಹರಿದ ಗುರುತಿಲ್ಲ.

ಅಗಳ ದಾಟಿದರೆ ಅಕೇಶಿಯಾ ನೆಡುತೋಪು. ಕುಡುಗೋಲಿನಂತೆ ಬಾಗಿದ ಇದರ ಎಲೆ ನಿಜಕ್ಕೂ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ದಪ್ಪ, ಬಿರುಸು, ಬೇಗ ಕೊಳೆಯುವುದಿಲ್ಲ. ಒಂದರ ಮೇಲೊಂದು ಬಿದ್ದು ಹೆಂಚು ಹೊದಿಸಿದಂತಿದೆ. ಅದನ್ನು ಸರಿಸಿ ಕೋಲು ಊರಿದರೆ ಎರಡು ಬೆರಳಿನಾಳಕ್ಕೇ ಗಟ್ಟಿ ಕೆಂಪು ನೆಲ. ಅಗಳದಲ್ಲಿ ಕೆಂಪು ನೀರು ಓಡುತ್ತಿದೆ. ಮರವನ್ನು ದೂರಲಾರೆ. ಬೋಳು ಜಂಬಿಟ್ಟಿಗೆಯ ಮೇಲೆ ಅದು ಬೇರೂರಿತು, ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸಿತು, ಒಲೆಗೆ ಕಟ್ಟಿಗೆ ಕೊಟ್ಟಿತು. ಆದರೆ ಕಾಡು ಇದ್ದಲ್ಲೂ ಅದನ್ನೇ ನೆಟ್ಟಿದ್ದು ತಪ್ಪು.

ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಡುವ ಪದ್ಧತಿ ಹಳೆಯದು. ಸೊಪ್ಪು, ದರಕು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ಅಡಿಕೆ ಬುಡ ಸೇರುತ್ತದೆ. ಬೆಟ್ಟ ಇಂಗಿಸಿದ ನೀರು ಬೇಸಿಗೆಯಲ್ಲಿ ಹಳ್ಳಕ್ಕೆ ಬರುತ್ತದೆ. ಮರ ಬೋಳಾಗುವಷ್ಟು ಸೊಪ್ಪು ಕಡಿದ ಬೆಟ್ಟಗಳೂ ಇವೆ. ಅವುಗಳ ಕೆಳಗಿನ ತೋಟಗಳು ಮೊದಲು ಬಾಡುತ್ತವೆ.

ಕೆಳಗೆ ತೋಟದಲ್ಲಿ ಇನ್ನೊಂದು ಆತಂಕ. ಕೊಳೆರೋಗಕ್ಕೆ ಬೋರ್ಡೋ ಮದ್ದನ್ನು ಮಳೆಗಾಲದ ಆರಂಭದಲ್ಲೊಮ್ಮೆ, ಸುಮಾರು 40 ದಿನದ ಮೇಲೆ ಇನ್ನೊಮ್ಮೆ ಹೊಡೆಯುವುದು ವಾಡಿಕೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕತ್ತಿಯ ಅಲಗು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಈ ಪಾಕ ಬದಲಾಗಿಲ್ಲ; ಬದಲಾಗಿರುವುದು ಹೊಳವು. ಮರ ಹತ್ತುವ ಕೊನೆಗೌಡ ಕಾಯುತ್ತಾನೆ, ಮಳೆ ಬಿಡುವು ಕೊಡುವುದಿಲ್ಲ. 2019ರ ಆಗಸ್ಟ್ ಮೊದಲ ವಾರ ಘಟ್ಟದ ಹೊಳೆಗಳು ದಂಡೆ ಮೀರಿದವು. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದೆಂದರೆ ನೆರೆ, ಬರ ಎರಡಕ್ಕೂ ಸಿದ್ಧವಿರುವುದು.

ಕಾಡು ಉಳಿಸಿ ಬೆಳೆಸುವ ಯೋಜನೆಗಳು ಈ ಜಿಲ್ಲೆಗೆ ಹೊಸತಲ್ಲ. 1991ರಲ್ಲಿ ಬ್ರಿಟನ್ನಿನ ನೆರವಿನಿಂದ ಪಶ್ಚಿಮಘಟ್ಟ ಅರಣ್ಯ ಯೋಜನೆ ಬಂತು. 1993ರ ಸರ್ಕಾರಿ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಊರವರನ್ನು ಕೂಡಿಸಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ನೆಟ್ಟ ಸಸಿ ಎಣಿಸುವ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. ಹವಾಮಾನ ಬದಲಾವಣೆಗೆಂದು ಮಾಡುವ ಯೋಜನೆ ಎಣಿಸಬೇಕಾದ್ದು ಬೇರೆ: ದರಕಿನ ಪದರ ಎಷ್ಟು ದಪ್ಪ, ಬೆಟ್ಟದಲ್ಲಿ ತಾನಾಗಿ ಹುಟ್ಟಿದ ಮತ್ತಿ, ನಂದಿ, ಹೊನ್ನೆ ಸಸಿಗಳೆಷ್ಟು, ಅವುಗಳಲ್ಲಿ ಬೇಸಿಗೆ ದಾಟಿದವೆಷ್ಟು, ಹಳ್ಳ ಯಾವ ದಿನದವರೆಗೆ ಹರಿಯಿತು. ಇಂಗುಗುಂಡಿ ತೋಡುವ ಜಾಗವನ್ನೂ ಇದೇ ಲೆಕ್ಕ ತೋರಿಸುತ್ತದೆ. ಹಣ ಹಾಕುವ ಮೊದಲು ಒಂದು ಪೂರ್ತಿ ವರ್ಷ ಬೆಟ್ಟವನ್ನು ನೋಡಬೇಕು.

ಮತ್ತೆ ಮೋಡ ಕವಿಯಿತು, ಇಳಿದು ಬಂದೆ. ಓದುಗರಲ್ಲಿ ಒಂದೇ ಕೋರಿಕೆ: ನಿಮ್ಮೂರಿನ ಹಳ್ಳ ಹರಿಯುವುದನ್ನು ನಿಲ್ಲಿಸಿದ ದಿನವನ್ನು ಮನೆಯ ಪಂಚಾಂಗದಲ್ಲಿ ಬರೆದಿಡಿ, ಪ್ರತಿ ವರ್ಷ. ಯೋಜನೆಯವರು ಬಂದಾಗ ಮೊದಲು ಆ ಪುಟ ತೋರಿಸಿ.