ಅಲ್ಪಸಂಖ್ಯಾತ ಸಮುದಾಯಗಳು: ವಿಲೀನತೆ, ಬಹುತ್ವ ಮತ್ತು ಅಸಮಾನತೆ

ಬೇರೆ ಬೇರೆ ಭಾಷೆ, ಮತ, ವರ್ಣಗಳ ಜನರು ಒಂದೇ ರಾಜ್ಯವ್ಯವಸ್ಥೆಯಲ್ಲಿ ಬಾಳಬೇಕಾಗಿ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ. ಅಲ್ಪಸಂಖ್ಯಾತರು ತಮ್ಮತನವನ್ನು ಉಳಿಸಿಕೊಳ್ಳಬೇಕೆ ಅಥವಾ ಬಹುಸಂಖ್ಯಾತರಲ್ಲಿ ಬೆರೆತುಹೋಗಬೇಕೆ ಎಂಬುದು ಮೊದಲನೆಯದು. ಅಧಿಕಾರ, ಸಂಪತ್ತು, ಗೌರವಗಳಲ್ಲಿ ಅವರಿಗೆ ಸಮಪಾಲು ದೊರೆಯುವುದೆ ಎಂಬುದು ಎರಡನೆಯದು. ಬೆರೆತರೆ ಸಮಾನತೆ ತಾನಾಗಿ ಬರುವುದೆಂದು ಕೆಲವರು ನಂಬುತ್ತಾರೆ. ಭಿನ್ನತೆಯನ್ನು ಕಾಪಾಡಿಕೊಂಡರೆ ಗೌರವ ತಾನಾಗಿ ಒದಗುವುದೆಂದು ಮತ್ತೆ ಕೆಲವರು ತಿಳಿಯುತ್ತಾರೆ. ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ದೊರೆತ ಉತ್ತರವು ಇನ್ನೊಂದಕ್ಕೆ ಉತ್ತರವಾಗಲಾರದು ಎಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಅನುಭವವೂ ಅದನ್ನು ಪರಿಶೀಲಿಸಿದ ಸಮಾಜಶಾಸ್ತ್ರವೂ ತೋರಿಸಿಕೊಟ್ಟಿವೆ.

'ಅಲ್ಪಸಂಖ್ಯಾತ' ಎಂಬ ಶಬ್ದವೇ ಮೊದಲು ವಿಚಾರಕ್ಕೆ ತಕ್ಕದ್ದು. ಮೇಲುನೋಟಕ್ಕೆ ಅದು ಎಣಿಕೆಯ ಮಾತು. ಆದರೆ ಚಿಕಾಗೋ ವಿಶ್ವವಿದ್ಯಾಲಯದ ಲೂಯಿಸ್ ವಿರ್ತ್ ಅವರು 1945ರಲ್ಲಿ ನೀಡಿದ ನಿರೂಪಣೆಯಲ್ಲಿ ಎಣಿಕೆಗೆ ಪ್ರಾಧಾನ್ಯವಿಲ್ಲ. ದೇಹಲಕ್ಷಣದಿಂದಲೋ ಸಂಸ್ಕೃತಿಯ ಕಾರಣದಿಂದಲೋ ಉಳಿದವರಿಂದ ಬೇರ್ಪಟ್ಟು, ಅಸಮಾನವಾದ ನಡವಳಿಕೆಗೆ ಗುರಿಯಾಗಿ, ಆ ಭೇದಭಾವವನ್ನು ತಾನೂ ಮನಗಂಡಿರುವ ಗುಂಪೇ ಅಲ್ಪಸಂಖ್ಯಾತ ಗುಂಪು. ಈ ಅರ್ಥದಲ್ಲಿ ದಕ್ಷಿಣ ಆಫ್ರಿಕೆಯ ಕಪ್ಪುವರ್ಣೀಯರು, ಎಣಿಕೆಯಲ್ಲಿ ಬಹುಪಾಲಾಗಿದ್ದರೂ, ವರ್ಣಭೇದ ನೀತಿ ಕೊನೆಗೊಂಡು ಸರ್ವರಿಗೂ ಮತಾಧಿಕಾರ ಬಂದ 1994ರವರೆಗೆ ಅಲ್ಪಸಂಖ್ಯಾತರ ಸ್ಥಿತಿಯಲ್ಲೇ ಇದ್ದರು. ಅವರನ್ನು ಆಳುತ್ತಿದ್ದ ಬಿಳಿಯರು ಸಂಖ್ಯೆಯಲ್ಲಿ ಅಲ್ಪರಾದರೂ ಅಂಥ ಸ್ಥಿತಿಯಲ್ಲಿರಲಿಲ್ಲ.

ವಿಲೀನತೆಯ ಕಲ್ಪನೆಗೆ ಜನಪ್ರಿಯವಾದ ಉಪಮಾನವನ್ನು ಒದಗಿಸಿದುದು ಒಂದು ನಾಟಕ. ಇಂಗ್ಲೆಂಡಿನ ಯೆಹೂದಿ ಲೇಖಕ ಇಸ್ರೇಲ್ ಝಾಂಗ್ವಿಲ್ ಅವರ ಈ ಕೃತಿ 1908ರಲ್ಲಿ ವಾಷಿಂಗ್ಟನ್ನಿನಲ್ಲಿ ರಂಗವೇರಿತು. ಕರಗಿಸುವ ಮೂಸೆಯೆಂಬುದೇ ಅದರ ಹೆಸರಿನ ಅರ್ಥ. ಮೂಸೆಯಲ್ಲಿ ಹಲವು ಲೋಹಗಳು ಒಂದಾಗುವಂತೆ ಯೂರೋಪಿನ ನಾನಾ ಜನಾಂಗಗಳು ಅಮೆರಿಕದಲ್ಲಿ ಕರಗಿ ಹೊಸದೊಂದು ಜನಾಂಗವಾಗುವವೆಂಬುದು ಅದರ ಆಶಯ. ವಸ್ತುಸ್ಥಿತಿ ಹಾಗಿರಲಿಲ್ಲ. ಇಂಗ್ಲಿಷ್ ಭಾಷೆ ಮತ್ತು ಆಂಗ್ಲ ಪ್ರಾಟೆಸ್ಟಂಟ್ ಸಂಪ್ರದಾಯಗಳು ಅಚ್ಚಿನಂತೆ ಸ್ಥಿರವಾಗಿ ನಿಂತವು. ಕರಗಿ ಆ ಅಚ್ಚಿಗೆ ಹೊಂದಿಕೊಳ್ಳುವ ಹೊಣೆ ಹೊಸದಾಗಿ ಬಂದವರ ಮೇಲೆ ಬಿದ್ದಿತು. ಎಲ್ಲರಿಗೂ ಅದು ಸಾಧ್ಯವೂ ಇರಲಿಲ್ಲ. ಜನಾಂಗಸಂಬಂಧಗಳು ಸಂಪರ್ಕ, ಸ್ಪರ್ಧೆ, ಹೊಂದಾಣಿಕೆಗಳನ್ನು ದಾಟಿ ಕೊನೆಗೆ ವಿಲೀನತೆಯನ್ನು ಮುಟ್ಟುವವೆಂದು 1926ರಲ್ಲಿ ಪ್ರತಿಪಾದಿಸಿದ ರಾಬರ್ಟ್ ಪಾರ್ಕ್ ಅವರೇ 1914ರಷ್ಟು ಹಿಂದೆ ಈ ತೊಡಕನ್ನು ಗುರುತಿಸಿದ್ದರು. ಭಾಷೆ ಉಡುಪುಗಳನ್ನು ಬದಲಾಯಿಸಬಹುದು. ಆದರೆ ಜಪಾನೀಯರೂ ನೀಗ್ರೋ ಜನರೂ ಮೈಬಣ್ಣವೆಂಬ ಸಮವಸ್ತ್ರವನ್ನು ಕಳಚಿಡಲಾರರೆಂಬುದು ಅವರ ವಾದದ ತಿರುಳು.

ಮೂಸೆಯ ವಾದಕ್ಕೆ ಎದುರಾಗಿ ಬಹುತ್ವದ ವಾದವನ್ನು ಮಂಡಿಸಿದವರು ಹೊರೇಸ್ ಕ್ಯಾಲನ್. ಪ್ರತಿಯೊಂದು ಜನಾಂಗವೂ ತನ್ನ ಭಾಷೆ ಸಂಸ್ಕೃತಿಗಳನ್ನು ಉಳಿಸಿಕೊಂಡೇ, ವಾದ್ಯಮೇಳದ ಒಂದೊಂದು ವಾದ್ಯದಂತೆ, ರಾಷ್ಟ್ರಜೀವನಕ್ಕೆ ತನ್ನ ನಾದವನ್ನು ಸೇರಿಸಬೇಕೆಂದು ಅವರು 1915ರ ಲೇಖನದಲ್ಲಿ ಪ್ರತಿಪಾದಿಸಿದರು. ಉದಾತ್ತವಾದ ಕಲ್ಪನೆ. ಆದರೆ ಮೇಳದಲ್ಲಿ ಯಾವ ವಾದ್ಯಕ್ಕೆ ಎಲ್ಲಿ ಸ್ಥಾನ, ಮೇಳವನ್ನು ನಡೆಸುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಆಫ್ರಿಕಾ ಮೂಲದ ಅಮೆರಿಕನ್ನರಿಗಂತೂ ಆ ಮೇಳದಲ್ಲಿ ಸ್ಥಾನವೇ ಕಲ್ಪಿತವಾಗಿರಲಿಲ್ಲವೆಂಬ ಟೀಕೆಯೂ ಮುಂದೆ ಬಂದಿತು.

ಈ ಎರಡು ವಾದಗಳ ಇತಿಮಿತಿಯನ್ನು ತಿಳಿಯಲು 1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನೀಡಿದ ಎರಡು ತೀರ್ಪುಗಳು ಸಾಕು. ಮೊದಲ ಮಹಾಯುದ್ಧದ ಕಾಲದ ಜರ್ಮನ್ ದ್ವೇಷದ ಹಿನ್ನೆಲೆಯಲ್ಲಿ ನೆಬ್ರಾಸ್ಕಾ ಸಂಸ್ಥಾನವು, ಎಂಟನೆಯ ತರಗತಿಯನ್ನು ಮುಗಿಸದ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷೇತರ ಆಧುನಿಕ ಭಾಷೆಗಳನ್ನು ಕಲಿಸಕೂಡದೆಂದು 1919ರಲ್ಲಿ ಶಾಸನ ಮಾಡಿತ್ತು. ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಕಲಿಸಿದ ರಾಬರ್ಟ್ ಮೇಯರ್ ಎಂಬ ಶಿಕ್ಷಕರಿಗೆ ದಂಡ ವಿಧಿಸಲಾಯಿತು. ನ್ಯಾಯಾಲಯವು ಆ ಶಾಸನವನ್ನು ರದ್ದುಗೊಳಿಸಿತು. ಅದೇ ವರ್ಷ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ ಗೃಹಸ್ಥರ ಮೊಕದ್ದಮೆಯೂ ಇತ್ಯರ್ಥವಾಯಿತು. ಅವರು ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಆದರೂ ಕಾನೂನಿನ ಅರ್ಥದಲ್ಲಿ ಅವರು 'ಬಿಳಿಯ'ರಲ್ಲವಾದ ಕಾರಣ ಪೌರತ್ವಕ್ಕೆ ಅರ್ಹರಲ್ಲವೆಂದು ಅದೇ ನ್ಯಾಯಾಲಯವು ನಿರ್ಣಯಿಸಿತು. ಭಾಷೆಯನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯ ಒಬ್ಬರಿಗೆ ದೊರೆತ ವರ್ಷದಲ್ಲೇ, ನಾಡಿನ ಸೇವೆಗೆ ನಿಂತ ಮತ್ತೊಬ್ಬರಿಗೆ ಪ್ರಜೆಯಾಗುವ ಹಕ್ಕು ಇಲ್ಲವಾಯಿತು.

ಈ ಗೊಂದಲವನ್ನು ಬಿಡಿಸಿ ಶಾಸ್ತ್ರೀಯವಾದ ರೂಪ ಕೊಟ್ಟವರು ಮಿಲ್ಟನ್ ಗಾರ್ಡನ್. 1964ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ವಿಲೀನತೆಯನ್ನು ಏಳು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಎರಡು ಮುಖ್ಯವಾದುವು. ಬಹುಸಂಖ್ಯಾತರ ನುಡಿ, ಉಡುಗೆ, ನಡೆಗಳನ್ನು ಸ್ವೀಕರಿಸುವುದು ಸಾಂಸ್ಕೃತಿಕ ವಿಲೀನತೆ. ಅವರ ಮನೆ, ಗೆಳೆತನ, ಸಂಘಸಂಸ್ಥೆಗಳಲ್ಲಿ ಸರಿಸಮಾನರಾಗಿ ಪ್ರವೇಶ ಪಡೆಯುವುದು ಸಾಮಾಜಿಕ ರಚನೆಯಲ್ಲಿನ ವಿಲೀನತೆ. ಎರಡನೆಯದು ಕೈಗೂಡಿದರೆ ಅಂತರ್ವಿವಾಹ ಮೊದಲಾದುವು ಹಿಂಬಾಲಿಸುತ್ತವೆ. ಆದರೆ ಮೊದಲನೆಯದು ಎರಡನೆಯದಕ್ಕೆ ಎಡೆಗೊಡದೆ ತಲೆಮಾರುಗಳ ಕಾಲ ತಾನೊಂದೇ ನಿಲ್ಲಬಹುದು. ಅನುಕರಣೆ ಅಲ್ಪಸಂಖ್ಯಾತರ ಕೈಯಲ್ಲಿದೆ. ಪ್ರವೇಶ ಕೊಡುವುದು ಬಹುಸಂಖ್ಯಾತರ ಕೈಯಲ್ಲಿದೆ.

ಆಫ್ರಿಕಾ ಮೂಲದ ಅಮೆರಿಕನ್ನರ ಚರಿತ್ರೆ ಇದಕ್ಕೆ ಕಠೋರವಾದ ನಿದರ್ಶನ. ದಾಸ್ಯದಲ್ಲಿ ಅವರ ಪೂರ್ವಿಕರ ಭಾಷೆಗಳು ಅಳಿದವು. ಇಂಗ್ಲಿಷೇ ಅವರ ಮಾತೃಭಾಷೆಯಾಯಿತು. ಬಹುಪಾಲು ಜನ ಪ್ರಾಟೆಸ್ಟಂಟ್ ಮತದವರಾದರು. ಆಗಷ್ಟೇ ಹಡಗಿನಿಂದಿಳಿದ ಇಟಲಿಯ ರೈತನಿಗಿಂತ ಅವರು ಸಂಸ್ಕೃತಿಯಲ್ಲಿ ಆಂಗ್ಲ ಅಮೆರಿಕನ್ನರಿಗೆ ಹತ್ತಿರದವರು. ಹೀಗಿದ್ದರೂ ಪ್ರತ್ಯೇಕ ಶಾಲೆಗಳು ಸಂವಿಧಾನ ವಿರುದ್ಧವೆಂಬ ತೀರ್ಪಿಗೆ 1954ರವರೆಗೆ, ಮತದಾನದ ಹಕ್ಕಿಗೆ ಬಲವಾದ ಶಾಸನರಕ್ಷಣೆ ಬರಲು 1965ರವರೆಗೆ, ಅಂತರ್ವರ್ಣ ವಿವಾಹದ ಮೇಲಿನ ನಿಷೇಧಗಳು ದೇಶಾದ್ಯಂತ ಅಸಿಂಧುವಾಗಲು 1967ರವರೆಗೆ ಕಾಯಬೇಕಾಯಿತು. ಅವರ ಅಸಮಾನತೆಗೆ ಸಂಸ್ಕೃತಿಭೇದವು ಕಾರಣವಾಗಿರಲಿಲ್ಲ. ಸ್ಥಾನಮಾನಗಳನ್ನು ಹಂಚುವ ವ್ಯವಸ್ಥೆಯೇ ಕಾರಣವಾಗಿತ್ತು.

ಅಮೆರಿಕದಲ್ಲಿ ಹುಟ್ಟಿದ ಈ ಪರಿಭಾಷೆಯನ್ನು ಭಾರತಕ್ಕೆ ಇದ್ದಂತೆಯೇ ಅನ್ವಯಿಸಲಾಗದು. ಇಲ್ಲಿ ಸ್ಥಳವನ್ನು ಬದಲಿಸದೆಯೇ ಅಲ್ಪಸಂಖ್ಯಾತರಾದವರೂ ಉಂಟು: 1956ರ ರಾಜ್ಯಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನ ಕನ್ನಡಿಗರು ಎಲ್ಲಿಗೂ ವಲಸೆ ಹೋಗಿರಲಿಲ್ಲ. ಇದಲ್ಲದೆ ಭಾರತದ ಸಂವಿಧಾನವು ಬಹುತ್ವವನ್ನು ಅಂಗೀಕರಿಸಿದೆ. 29 ಮತ್ತು 30ನೆಯ ವಿಧಿಗಳು ಭಾಷೆ, ಲಿಪಿ, ವಿದ್ಯಾಸಂಸ್ಥೆಗಳಿಗೆ ರಕ್ಷಣೆ ನೀಡುತ್ತವೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ.

ಆದರೆ ಗಾರ್ಡನ್ ಅವರ ಮತ್ತೊಂದು ವಿಚಾರವು ಹೊರನಾಡಿನ ಕನ್ನಡಿಗರಿಗೆ ನೇರವಾಗಿಯೇ ಅನ್ವಯಿಸುತ್ತದೆ. ಮನುಷ್ಯನ ನಿಕಟ ಒಡನಾಟವು ತನ್ನ ಜನಾಂಗದೊಳಗೆ ಮಾತ್ರವಲ್ಲದೆ, ಆ ಜನಾಂಗದಲ್ಲಿಯೂ ತನ್ನದೇ ವರ್ಗದೊಳಗೆ ಸೀಮಿತವಾಗಿರುತ್ತದೆಂದು ಅವರು ತೋರಿಸಿದರು. ಮುಂಬಯಿಯಲ್ಲಿ ಹೋಟೆಲಿನ ಮಾಲೀಕನೂ ಕನ್ನಡಿಗ, ಅಲ್ಲಿ ಮೇಜು ಒರೆಸಿ ರಾತ್ರಿಶಾಲೆಯಲ್ಲಿ ಓದಿದ ಹುಡುಗನೂ ಕನ್ನಡಿಗ. ಭಾಷೆ ಅವರಿಬ್ಬರನ್ನು ಒಂದುಗೂಡಿಸಿತು, ಸಮಾನರನ್ನಾಗಿ ಮಾಡಲಿಲ್ಲ. ಕನ್ನಡವನ್ನು ಉಳಿಸಿಕೊಳ್ಳುವುದರ ಜೊತೆಗೆ, ಆ ಹುಡುಗನಿಗೆ ಮೇಲೇರುವ ದಾರಿಯನ್ನು ಒದಗಿಸಿದ ರಾತ್ರಿಶಾಲೆಗಳಂಥ ಸಂಸ್ಥೆಗಳು ಬಹುತ್ವ ಸಮಾನತೆಗಳೆರಡನ್ನೂ ಏಕಕಾಲಕ್ಕೆ ಸಾಧಿಸಲು ಯತ್ನಿಸಿದವು. ಅಲ್ಪಸಂಖ್ಯಾತ ಸಮುದಾಯವೊಂದು ಬಹುಸಂಖ್ಯಾತರಿಂದ ಸಮಾನತೆಯನ್ನು ಕೇಳುವುದು ನ್ಯಾಯ. ತನ್ನೊಳಗಿನ ಶ್ರೇಣಿಗಳನ್ನೂ ಅದೇ ಅಳತೆಗೋಲಿನಿಂದ ಅಳೆದುಕೊಳ್ಳಬೇಕಾದುದೂ ಅಷ್ಟೇ ನ್ಯಾಯ.