ವಿಮರ್ಶಕನ ಕುರ್ಚಿ ಖಾಲಿಯಾದಾಗ

ಕಲಾವರದಿಯೂ ಕಲಾವಿಮರ್ಶೆಯೂ ಒಂದೇ ಅಲ್ಲ. ನಡೆದುದನ್ನು ತಿಳಿಸುವುದು ವರದಿ. ಅದರ ಗುಣದೋಷಗಳನ್ನು ಕಾರಣಸಹಿತ ವಿವೇಚಿಸುವುದು ವಿಮರ್ಶೆ. ಮಾಧ್ಯಮಗಳು ಬದಲಾಗುತ್ತಿರುವ ಈ ಕಾಲದಲ್ಲಿ ಮೊದಲನೆಯದು ಹೇರಳವಾಗಿದೆ, ಎರಡನೆಯದು ಕ್ಷೀಣಿಸುತ್ತಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಎರಡು ನಗರಗಳು ಇದಕ್ಕೆ ನಿದರ್ಶನ.

‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯ ಸಂಗೀತ ವಿಮರ್ಶಕ ಮಾರ್ಟಿನ್ ಬರ್ನ್‌ಹೈಮರ್ 1982ರಲ್ಲಿಯೂ ಕಲಾವಿಮರ್ಶಕ ಕ್ರಿಸ್ಟೋಫರ್ ನೈಟ್ 2020ರಲ್ಲಿಯೂ ಪುಲಿಟ್ಜರ್ ಪ್ರಶಸ್ತಿ ಪಡೆದರು. ಎರಡನೆಯದರ ಹಿನ್ನೆಲೆ ಗಮನಾರ್ಹ. ಲಾಸ್ ಏಂಜಲೀಸ್ ಕೌಂಟಿಯ ಕಲಾ ಸಂಗ್ರಹಾಲಯವು ಹಳೆಯ ಕಟ್ಟಡಗಳನ್ನು ಕೆಡವಿ, ವಾಸ್ತುಶಿಲ್ಪಿ ಪೀಟರ್ ಜುಮ್ಟರ್ ರೂಪಿಸಿದ ಹೊಸ ಕಟ್ಟಡವನ್ನು ನಿರ್ಮಿಸಲು ಹೊರಟಿತ್ತು. ಸಾರ್ವಜನಿಕ ಹಣವೂ ಸೇರಿದ್ದ ಆ ಯೋಜನೆಯಿಂದ ಪ್ರದರ್ಶನದ ಸ್ಥಳ ಹೆಚ್ಚುವುದಿರಲಿ, ಕುಗ್ಗುತ್ತದೆಂದು ನೈಟ್ ಸತತವಾಗಿ ಬರೆದರು. ಯೋಜನೆ ರದ್ದಾಗಲಿಲ್ಲ, ಆದರೆ ತಮ್ಮ ಹಣ ಯಾವುದಕ್ಕೆ ವಿನಿಯೋಗವಾಗುತ್ತಿದೆಯೆಂಬುದು ಜನರಿಗೆ ತಿಳಿಯಿತು. 1989ರಿಂದ ಅದೇ ಪತ್ರಿಕೆಯಲ್ಲಿದ್ದು ಆ ಸಂಸ್ಥೆಯನ್ನು ನೋಡುತ್ತ ಬಂದವರು ಅವರು. ವೈದ್ಯನಾಗಿ ಹೇಳುವುದಾದರೆ, ಒಂದು ದಿನದ ರಕ್ತಪರೀಕ್ಷೆಗಿಂತ ಹತ್ತು ವರ್ಷಗಳ ದಾಖಲೆ ಹೆಚ್ಚು ತಿಳಿಸುತ್ತದೆ.

ಇಂತಹ ದೀರ್ಘ ಅವಲೋಕನವೇ ಈಗ ಕಡಿದುಹೋಗುತ್ತಿದೆ. ‘ಸ್ಯಾನ್ ಡಿಯಾಗೊ ಯೂನಿಯನ್-ಟ್ರಿಬ್ಯೂನ್’ ಪತ್ರಿಕೆಯು, ತನ್ನಲ್ಲಿ ಸುಮಾರು ಕಾಲು ಶತಮಾನ ಬರೆದಿದ್ದ ಕಲಾವಿಮರ್ಶಕ ರಾಬರ್ಟ್ ಪಿಂಕಸ್ ಅವರನ್ನು 2010ರಲ್ಲಿ ಕೆಲಸದಿಂದ ಬಿಡಿಸಿತು. ‘ಲಾಸ್ ಏಂಜಲೀಸ್ ಟೈಮ್ಸ್’ 2024ರ ಜನವರಿಯಲ್ಲಿ 115ಕ್ಕೂ ಹೆಚ್ಚು ಸಿಬ್ಬಂದಿಯನ್ನು ಕೈಬಿಟ್ಟಿತು.

ಕಾರಣ ಮುಖ್ಯವಾಗಿ ಆರ್ಥಿಕ. ಮುದ್ರಿತ ಪತ್ರಿಕೆಯಲ್ಲಿ ಮನೆ, ಕಾರು, ಉದ್ಯೋಗಗಳ ಜಾಹೀರಾತಿನ ಆದಾಯವೇ ವಿಮರ್ಶಕನ ಸಂಬಳವನ್ನೂ ಹೊರುತ್ತಿತ್ತು. ಆ ಜಾಹೀರಾತುಗಳು ಅಂತರ್ಜಾಲಕ್ಕೆ ಹೋದವು. ಅಲ್ಲಿ ಪ್ರತಿಯೊಂದು ಬರಹದ ಓದುಗರನ್ನೂ ಬೇರೆಬೇರೆಯಾಗಿ ಎಣಿಸಬಹುದು. ಚಿತ್ರಪ್ರದರ್ಶನವೊಂದರ ವಿಮರ್ಶೆ ಆ ಎಣಿಕೆಯಲ್ಲಿ ಸೋಲುತ್ತದೆ. ಹೊಸ ಮಾಧ್ಯಮ ಬರೆಯುವ ಅವಕಾಶವನ್ನು ಎಲ್ಲರಿಗೂ ಕೊಟ್ಟಿತು, ಬರಹಗಾರನ ಜೀವನೋಪಾಯವನ್ನು ಕೊಡಲಿಲ್ಲ. 2011ರಲ್ಲಿ ಆರಂಭವಾದ, ಲಾಭದ ಉದ್ದೇಶವಿಲ್ಲದ ‘ಲಾಸ್ ಏಂಜಲೀಸ್ ರಿವ್ಯೂ ಆಫ್ ಬುಕ್ಸ್’ ದೇಣಿಗೆಯ ನೆರವಿನಿಂದ ಬೇರೊಂದು ದಾರಿಯನ್ನು ತೋರಿದೆ.

ಹೊರನಾಡಿನ ಕನ್ನಡಿಗರಿಗೂ ಇದರಲ್ಲಿ ಪಾಠವಿದೆ. ನಮ್ಮ ಕೂಟಗಳ ನಾಟಕ, ಯಕ್ಷಗಾನ, ರಂಗಪ್ರವೇಶಗಳ ಕುರಿತು ಉಳಿಯುವುದು ಛಾಯಾಚಿತ್ರಗಳು ಮತ್ತು ವಂದನಾರ್ಪಣೆಯ ಪಟ್ಟಿ. ವೇಷಧಾರಿ ನೆರೆಮನೆಯವನೇ ಆಗಿರುವಾಗ ದೋಷವನ್ನು ಹೇಳಲು ಸಂಕೋಚವಾಗುವುದು ಸಹಜ. ಆದರೂ ಯಾವ ಪ್ರಸಂಗ, ಭಾಗವತರು ಯಾರು, ಯಾವ ಪದ್ಯಕ್ಕೆ ಕುಣಿತ ಹೊಂದಿತು, ಎಲ್ಲಿ ಅರ್ಥಗಾರಿಕೆ ಸೊರಗಿತು ಎಂದು ಒಂದು ಪುಟವನ್ನಾದರೂ ಬರೆದಿಡಬಹುದು. ಇಲ್ಲಿ ಹುಟ್ಟಿ ಬೆಳೆಯುವ ಕಲಾವಿದರಿಗೆ ಚಪ್ಪಾಳೆಗಿಂತ ಆ ಪುಟವೇ ಹೆಚ್ಚು ಕಾಲ ನೆರವಾದೀತು.